ಸಿಟಿ ವೀಟೆಕ್‌ಗೆ ಹೆಡ್ಡರ್ಸ್ ಆರಿಸಿದ ಬಗೆ

ನನ್ನ ಬಳಿ ಇರುವುದು ಭಾರತದಲ್ಲಿ 2003ರವರೆಗೆ ಮಾರಾಟವಾದ ಹಳೆಯ ಹೋಂಡಾ ಸಿಟಿ, 1.5 ವೀಟೆಕ್ (ಎಂಜಿನ್ ವೇಗವೇರಿದಾಗ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಹೋಂಡಾ ತಂತ್ರ). 106 ಅಶ್ವಶಕ್ತಿ ಎಂದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಆದರೂ ಟರ್ಬೊ ಇಲ್ಲದ ಈ ಎಂಜಿನ್ ಆರು ಸಾವಿರ ಆರ್‌ಪಿಎಂ ದಾಟಿದ ಮೇಲೂ ದಣಿಯದೆ ಎಳೆಯುವ ಪರಿಗೆ ಮನಸೋತವರು ಅದನ್ನು ಸುಲಭವಾಗಿ ಮಾರುವುದಿಲ್ಲ. ಹೆಡ್ಡರ್ಸ್ ಎಂದರೆ ಪ್ರತಿ ಸಿಲಿಂಡರಿನ ಹೊಗೆಯನ್ನು ಬೇರೆ ಬೇರೆ ಪೈಪಿನಲ್ಲಿ ಒಯ್ದು ಮುಂದೆ ಕೂಡಿಸುವ ಜೋಡಣೆ. ಅದರ ಯೋಚನೆ ಬಂದದ್ದು ಶೋಕಿಗಾಗಿ ಅಲ್ಲ. ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮೌನ: ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಕಬ್ಬಿಣ ಹಿಗ್ಗಿದಾಗ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಆ ಮೌನ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯದೊಂದನ್ನು ಹುಡುಕಿ ಹಾಕಬಹುದಿತ್ತು. ಹೇಗೂ ಬಿಚ್ಚಲೇಬೇಕಲ್ಲ ಎಂದು ಹೆಡ್ಡರ್ಸ್ ಕಡೆ ವಾಲಿದೆ.

ಮೊದಲ ಪ್ರಶ್ನೆ, ನಾಲ್ಕು-ಒಂದೋ ನಾಲ್ಕು-ಎರಡು-ಒಂದೋ ಎಂಬುದು. ನಾಲ್ಕು ಪೈಪ್‌ಗಳೂ ನೇರವಾಗಿ ಒಂದೇ ಕಡೆ ಕೂಡುವುದು ಮೊದಲನೆಯದು. ಎರಡನೆಯದರಲ್ಲಿ ಜೋಡಿಜೋಡಿಯಾಗಿ ಕೂಡಿ, ಆ ಎರಡು ಮತ್ತೆ ಒಂದಾಗುತ್ತವೆ. ಈ ಎಂಜಿನ್ ಉರಿಯುವ ಕ್ರಮ 1-3-4-2. ಒಂದು ಸಿಲಿಂಡರ್ ಉರಿದು ಎಂಜಿನ್ನಿನ ಅಚ್ಚು (ಕ್ರ್ಯಾಂಕ್) 180 ಡಿಗ್ರಿ ತಿರುಗುವಷ್ಟರಲ್ಲಿ ಮುಂದಿನದು ಉರಿಯುತ್ತದೆ; ಆದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ 180 ಡಿಗ್ರಿಗಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಹಾಗಾಗಿ ಒಂದು ಸಿಲಿಂಡರ್ ಇನ್ನೂ ಹೊಗೆ ಕಳಿಸುತ್ತಿರುವಾಗಲೇ ಇನ್ನೊಂದರ ಹೊಸ ಒತ್ತಡ ಪೈಪಿನೊಳಗೆ ನುಗ್ಗುತ್ತದೆ. 1 ಮತ್ತು 4, 2 ಮತ್ತು 3 ಎಂದು ಜೋಡಿ ಮಾಡಿದರೆ ಜೋಡಿಯೊಳಗಿನ ಅಂತರ 360 ಡಿಗ್ರಿ, ಒಂದರ ಉಸಿರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಇದರ ಲಾಭ ಸಿಗುವುದು ಮಧ್ಯದ ವೇಗದಲ್ಲಿ. ನಾಲ್ಕು-ಒಂದು ತನ್ನ ಶಕ್ತಿಯನ್ನು ಮೇಲ್ತುದಿಗೆ ಕಾಯ್ದಿರಿಸುತ್ತದೆ. ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಸದಾ ಮೇಲ್ತುದಿಯಲ್ಲೇ ಓಡಿಸುವವರಿಗೆ ಅದು ಸರಿ. ನಾನು ಓಡಿಸುವುದು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹತ್ತುವ ರಸ್ತೆಯಲ್ಲಿ, ಎರಡನೇ ಮೂರನೇ ಗೇರಿನಲ್ಲಿ, ಲಾರಿಗಳ ಹಿಂದೆ. ವೀಟೆಕ್ ಎಚ್ಚರಗೊಳ್ಳುವ ಮುಂಚಿನ ಎಳೆತವೇ ನನಗೆ ಬೇಕಾದದ್ದು.

ಪೈಪಿನ ವ್ಯಾಸದಲ್ಲೂ ಇದೇ ಲೆಕ್ಕ. ದಪ್ಪ ಪೈಪ್ ಹಾಕಿದಷ್ಟೂ ಶಕ್ತಿ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಪೈಪ್ ಅಗಲವಾದರೆ ಹೊಗೆಯ ವೇಗ ತಗ್ಗುತ್ತದೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದೊಯ್ಯುವ ಸೆಳೆತವೂ ತಗ್ಗುತ್ತದೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸದ 1.5 ಲೀಟರ್ ಎಂಜಿನ್ನಿಗೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೊರವ್ಯಾಸ ಸಾಕು. ಒಬ್ಬ ಅಂಗಡಿಯವರು ಎರಡು ಇಂಚಿನದನ್ನು ತೋರಿಸಿ ‘ಸರ್, ಸೌಂಡ್ ಕೇಳಿ’ ಎಂದರು. ಕೇಳಿದೆ, ನಮಸ್ಕಾರ ಹೇಳಿ ಹೊರಟೆ.

ಇಷ್ಟು ಓದಿ ತಿಳಿಯಬಹುದು. ಆದರೆ ಈ ಕಾರಿನಲ್ಲಿ ನಿಜವಾದ ತೀರ್ಮಾನ ಆಗುವುದು ಕಾರನ್ನು ಲಿಫ್ಟಿಗೆ ಏರಿಸಿ ಟೇಪು ಹಿಡಿದಾಗ. ನನ್ನ ಕಾರಿನದು ಹೋಂಡಾದ ಡಿ ಸರಣಿಯ ಎಂಜಿನ್, ಇದರಲ್ಲಿ ಎಕ್ಸಾಸ್ಟ್ ಇರುವುದು ಮುಂಭಾಗದಲ್ಲಿ, ರೇಡಿಯೇಟರ್ ಕಡೆಗೆ. ಪೈಪ್‌ಗಳು ಅಲ್ಲಿಂದ ಕೆಳಗಿಳಿದು, ಆಯಿಲ್ ಚೇಂಬರಿನ ಅಡಿಯಲ್ಲಿ ಹಾದು ಹಿಂದಕ್ಕೆ ಹೋಗಬೇಕು. ಅಂದರೆ ಹೆಡ್ಡರ್ಸ್ ಎಂಜಿನ್ನಿನ ಅತಿ ಕೆಳಗಿನ ಭಾಗವಾಗುತ್ತದೆ, ನಮ್ಮ ಊರಿನ ಪ್ರತಿಯೊಂದು ಹಂಪ್ ಅದರ ಎದುರಾಳಿ. ವಿದೇಶದಿಂದ ತರಿಸಿದ ಸಿವಿಕ್ ಹೆಡ್ಡರ್ಸ್ ಡಿ ಸರಣಿಯದೇ ಆದ್ದರಿಂದ ಕೂರುತ್ತದೆ ಎಂದು ಮಾರುವವರು ಹೇಳುತ್ತಾರೆ. ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಫಲಕ, ಅಂದರೆ ಫ್ಲೇಂಜ್, ಕೂತರೆ ಸಾಲದು. ಪೈಪ್‌ಗಳು ಕೂಡುವ ಕಲೆಕ್ಟರ್ ಎಲ್ಲಿ ಮುಗಿಯುತ್ತದೆ, ಎಸಿ ಫ್ಯಾನಿಗೂ ಪೈಪಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ, ಎಂಜಿನ್ ಮೌಂಟ್ ಮೇಲೆ ಹೊಯ್ದಾಡಿದಾಗ ಪೈಪ್ ಕಾರಿನಡಿಯ ಅಡ್ಡತೊಲೆಗೆ (ಕ್ರಾಸ್‌ಮೆಂಬರ್) ಬಡಿಯುತ್ತದೆಯೇ ಎಂಬುದನ್ನೆಲ್ಲ ನೋಡಬೇಕು. ನಾನು ನೋಡಿದ ಅಗ್ಗದ ನಕಲುಗಳಲ್ಲಿ ಕಲೆಕ್ಟರ್ ಚೇಂಬರಿಗಿಂತ ಎರಡು ಬೆರಳು ಕೆಳಗೆ ಜೋತುಬೀಳುತ್ತಿತ್ತು. ಐದು ಜನ ಕೂತ ಕಾರಿನಲ್ಲಿ ಅದು ಹಂಪ್ ಉಜ್ಜದೆ ಇರಲಾರದು.

ಹಾಗಾಗಿ ಇಲ್ಲೇ ಮಾಡಿಸುವುದು ಎಂದು ನಿಶ್ಚಯಿಸಿದೆ. ಚೇಂಬರಿನ ಅಡಿಯ ಎರಡು ಪೈಪ್‌ಗಳು ಒಂದರ ಕೆಳಗೊಂದು ಬರದೆ ಅಕ್ಕಪಕ್ಕ ಮಲಗಿರಬೇಕು, ಕೊನೆಯ ಕೂಡುವಿಕೆ ಚೇಂಬರ್ ದಾಟಿದ ಮೇಲೆ ಆಗಬೇಕು. ಇವೆರಡು ನನ್ನ ಷರತ್ತು. ಪೈಪ್‌ಗಳ ಉದ್ದ ಕೂದಲೆಳೆಯಷ್ಟೂ ಬೇರೆಯಾಗಬಾರದು ಎಂಬ ಹಟವನ್ನು ಬಿಟ್ಟೆ. ಎರಡು ಮೂರು ಸೆಂಟಿಮೀಟರ್ ಹೆಚ್ಚುಕಡಿಮೆ ರಸ್ತೆಯಲ್ಲಿ ತಿಳಿಯುವುದೂ ಇಲ್ಲ.

ಲೋಹಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಗೋಡೆ ದಪ್ಪ 1.6 ಮಿ.ಮೀ. ಸಾಮಾನ್ಯ ಉಕ್ಕು ಅಗ್ಗ, ಬೆಸುಗೆಯೂ ಸುಲಭ, ಆದರೆ ಮಂಗಳೂರಿನ ಮಳೆಗೆ ತುಕ್ಕು ಹಿಡಿಯುತ್ತದೆ. 304ರ ತೊಡಕೆಂದರೆ ಅದು ಹಿಗ್ಗುವುದು ಹೆಚ್ಚು. ಅರ್ಧ ಮೀಟರ್ ಪೈಪ್ 500 ಡಿಗ್ರಿ ಬಿಸಿಯೇರಿದರೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅದಕ್ಕೆ ದಾರಿ ಕೊಡದಿದ್ದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಕಲೆಕ್ಟರ್ ಹಿಂದೆ ಬಾಗಬಲ್ಲ ಫ್ಲೆಕ್ಸ್ ಪೈಪ್ ಇಡಿಸಿದ್ದು ಈ ಕಾರಣಕ್ಕೆ. ಬೆಸುಗೆ ಮಾಡುವವರನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಆರ್ಗಾನ್ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಗ್ಯಾಸ್ ಬಿಡುತ್ತೀರಾ? ಬಿಡದಿದ್ದರೆ ಒಳಬದಿ ಸಕ್ಕರೆ ಹರಳಿನಂತೆ ಒರಟಾಗಿ ಉಬ್ಬುತ್ತದೆ, ಹೊಗೆಗೆ ಅಡ್ಡಿ, ಬಿರುಕಿಗೆ ಆಹ್ವಾನ. ‘ಹೊರಗೆ ಫಿನಿಶಿಂಗ್ ನೋಡಿ ಸರ್’ ಎಂದವರ ಬಳಿ ನಾನು ಕೊಡಲಿಲ್ಲ. ಕೊನೆಗೆ ಒಪ್ಪಿಸಿದವರು 10 ಮಿ.ಮೀ. ಫ್ಲೇಂಜನ್ನು ದಪ್ಪ ಪ್ಲೇಟಿಗೆ ಬಿಗಿದೇ ಬೆಸೆದರು, ಆಮೇಲೆ ಮುಖವನ್ನು ಸಮತಟ್ಟಾಗಿ ಗ್ರೈಂಡ್ ಮಾಡಿಸಿದರು.

ಹೊಗೆಯ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಉಳಿಯಬೇಕೆಂಬುದರಲ್ಲಿ ನನಗೆ ಚರ್ಚೆಯೇ ಇರಲಿಲ್ಲ. ಅದನ್ನು ಕಿತ್ತು ನೇರ ಪೈಪ್ ಹಾಕುವುದು ಗಾಳಿಗೂ ದ್ರೋಹ, ಎಮಿಷನ್ ಪರೀಕ್ಷೆಗೂ ಆಪತ್ತು. ಬಿಎಸ್-2 (ಭಾರತ್ ಸ್ಟೇಜ್ 2) ಮಾಲಿನ್ಯ ಮಾನದಂಡದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.5. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದ್ದೇ ಇದೆ. ನೋಂದಣಿಯಲ್ಲಿರುವ ಮೂಲ ವಿವರಗಳಿಗೆ ವಿರುದ್ಧವಾಗಿ ಕಾರನ್ನು ಬದಲಿಸುವಂತಿಲ್ಲ. ಆದ್ದರಿಂದ ಹಿಂದಿನ ಸೈಲೆನ್ಸರ್ ಕಂಪನಿಯದೇ ಇರಲಿ ಎಂದೆ. ಆಕ್ಸಿಜನ್ ಸೆನ್ಸರ್ ಕೂರಿಸುವ ಜಾಗ ಕಲೆಕ್ಟರಿನ ಮೇಲ್ಬದಿಯಲ್ಲಿರಬೇಕು, ನಾಲ್ಕೂ ಸಿಲಿಂಡರುಗಳ ಹೊಗೆ ಅದಕ್ಕೆ ತಾಗಬೇಕು. ಅಡಿಯಲ್ಲಿಟ್ಟರೆ ನೀರು ನಿಂತು ಸೆನ್ಸರ್ ಸಾಯುತ್ತದೆ.

ಕೂರಿಸುವಾಗ ಹೆಚ್ಚು ಹೊತ್ತು ಹಿಡಿದದ್ದು ಮ್ಯಾನಿಫೋಲ್ಡ್ ಬಿಗಿದಿದ್ದ ತಿರುಪು ಕಡ್ಡಿಗಳು, ಅಂದರೆ ಹಳೆಯ ಸ್ಟಡ್‌ಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸುರಿದು, ಬೆಳಿಗ್ಗೆ ಎಂಜಿನ್ ಬೆಚ್ಚಗಾದ ಮೇಲೆ ನಿಧಾನವಾಗಿ ಬಿಚ್ಚಿದೆವು. ಹೊಸ ಸ್ಟಡ್, ತಾಮ್ರ ಲೇಪದ ನಟ್, ಹಲವು ಪದರದ ಲೋಹದ ಗ್ಯಾಸ್ಕೆಟ್. ಪೈಪಿಗೆ ಬಟ್ಟೆ ಸುತ್ತಲು ಒಪ್ಪಲಿಲ್ಲ, ಅದು ಮಳೆನೀರನ್ನು ಹಿಡಿದಿಡುತ್ತದೆ. ರೇಡಿಯೇಟರ್ ಕಡೆಗೆ ತಗಡಿನ ಮರೆ ಹಾಕಿಸಿದೆ.

ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿಲ್ಲ. ಮೂರನೇ ಗೇರಿನಲ್ಲಿ ಮೂರು ಸಾವಿರದಿಂದ ಐದು ಸಾವಿರದವರೆಗಿನ ಎಳೆತ ಸ್ಪಷ್ಟವಾಗಿ ಚುರುಕಾಗಿದೆ, ಘಾಟಿಯಲ್ಲಿ ಗೇರ್ ಇಳಿಸುವುದು ಕಡಿಮೆಯಾಗಿದೆ. ಎರಡು ಸಾವಿರದ ಕೆಳಗೆ ವ್ಯತ್ಯಾಸವಿಲ್ಲ. ಬರೀ ಹೆಡ್ಡರ್ಸ್‌ನಿಂದ ಇಪ್ಪತ್ತು ಅಶ್ವಶಕ್ತಿ ಎನ್ನುವವರನ್ನು ನಂಬಬೇಡಿ. ಇಂಥ ಎಂಜಿನ್ನಿನಲ್ಲಿ ಐದಾರು ಸಿಕ್ಕರೆ ಹೆಚ್ಚು. ನಟ್‌ಗಳನ್ನು ಕೆಲವು ಸಲ ಬಿಸಿಯಾಗಿ ತಣಿದ ಮೇಲೆ, ಎಂಜಿನ್ ಪೂರ್ತಿ ಆರಿದಾಗ, ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಬೇಕು. ಗ್ಯಾರೇಜಿನವರು ಇದನ್ನು ತಾವಾಗಿ ನೆನಪಿಸುವುದಿಲ್ಲ, ನಾವೇ ಕೇಳಿ ಮಾಡಿಸಿಕೊಳ್ಳಬೇಕು.