ಟಿಂಕ್ಚರಿಗೂ ಮೂಲಿಕೆ ಎಣ್ಣೆಗೂ ಹರ್ಬ್ ಪ್ರೆಸ್: ನನ್ನ ಅನುಭವ

ಹಲವು ವರ್ಷ ನಾನು ಟಿಂಕ್ಚರುಗಳನ್ನು, ಅಂದರೆ ಮೂಲಿಕೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆಯುವ ಸಾರವನ್ನು, ಬಟ್ಟೆಯಲ್ಲಿ ಕಟ್ಟಿ ಕೈಯಿಂದಲೇ ಹಿಂಡುತ್ತಿದ್ದೆ. 100 ಗ್ರಾಂ ಒಣ ಕ್ಯಾಲೆಂಡುಲಾ ಹೂವನ್ನು 500 ಮಿ.ಲೀ. ಆಲ್ಕೋಹಾಲಿನಲ್ಲಿ ನಾಲ್ಕು ವಾರ ನೆನೆಸಿ, ಮಣಿಕಟ್ಟು ನೋಯುವವರೆಗೆ ಹಿಂಡಿದರೂ ಕೈಗೆ ಬರುತ್ತಿದ್ದುದು 330 ಮಿ.ಲೀ. ಆಸುಪಾಸು. ಮಿಕ್ಕಿದ್ದು ಚರಟದೊಂದಿಗೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಹಾಗೆ ಹೋಗುತ್ತಿದ್ದುದು ಸತ್ವವಿಲ್ಲದ ದ್ರವವಾಗಿರಲಿಲ್ಲ. ನೆನೆದ ಎಸಳಿನ ಒಳಗಿನ ದ್ರವದಲ್ಲೂ ಹೊರಗಿನ ದ್ರವದಲ್ಲೂ ಸಾರದ ಪ್ರಮಾಣ ಹೆಚ್ಚುಕಡಿಮೆ ಸಮವಾದಾಗಲೇ ನೆನೆಯುವ ಕ್ರಿಯೆ ನಿಲ್ಲುವುದರಿಂದ, ಚರಟ ಹಿಡಿದಿಟ್ಟುಕೊಂಡ ಒಂದೊಂದು ಚಮಚವೂ ಬಾಟಲಿಯಲ್ಲಿರುವ ಟಿಂಕ್ಚರಿನಷ್ಟೇ ಗಟ್ಟಿಯಾದುದು. ಇದು ಮನಸ್ಸಿಗೆ ಬಂದ ಮೇಲೆಯೇ ನಾನು ಪ್ರೆಸ್ ಕೊಂಡೆ.

ನನ್ನದು ತಿರುಪಿನಿಂದ ಒತ್ತುವ ಸಣ್ಣ ಯಂತ್ರ. ಸುತ್ತಲೂ ತೂತುಗಳಿರುವ ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿ, ಅದರೊಳಗೆ ಇಳಿಯುವ ದಪ್ಪ ಬಿಲ್ಲೆ, ಮೇಲೆ ಉದ್ದ ಹಿಡಿಯ ತಿರುಪು, ಕೆಳಗೆ ಮೂತಿಯಿರುವ ತಟ್ಟೆ. ಜಾಕ್ ಬಳಸಿ ಒತ್ತುವ ದೊಡ್ಡ ಯಂತ್ರಗಳೂ ಇವೆ. ಮನೆಯ ಪ್ರಮಾಣಕ್ಕೆ ತಿರುಪಿನದು ಸಾಕು. ಅಲ್ಯೂಮಿನಿಯಂ ಭಾಗಗಳಿರುವುದನ್ನು ಮಾತ್ರ ಬೇಡವೆಂದೆ, ಏಕೆಂದರೆ ಹುಳಿ ಅಂಶವಿರುವ ದ್ರವ ತಗುಲಿದರೆ ಆ ಲೋಹ ಕರಗಿ ಔಷಧಿಯೊಳಕ್ಕೆ ಸೇರಬಹುದು.

ಮೊದಲ ದಿನವೇ ತಪ್ಪು ಮಾಡಿದೆ. ಡಬ್ಬಿಯ ಬಾಯಿವರೆಗೆ ನೆನೆದ ಹೂವು ತುಂಬಿ, ಹಿಡಿಯನ್ನು ಒಂದೇ ಉಸಿರಿಗೆ ತಿರುಗಿಸಿದೆ. ಹೂವು ಒಂದು ಪಕ್ಕಕ್ಕೆ ಹೆಚ್ಚಾಗಿದ್ದುದರಿಂದ ಬಿಲ್ಲೆ ಓರೆಯಾಯಿತು, ಒಳಗಿನ ಬಟ್ಟೆಯ ಹೊಲಿಗೆ ಬಿಟ್ಟಿತು, ತೂತುಗಳಿಂದ ದ್ರವದ ಬದಲು ಕೆಸರಿನಂಥ ಹಿಟ್ಟು ಎರಚಿತು. ಈಗ ಡಬ್ಬಿಯನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬುವುದಿಲ್ಲ. ಎರಡು ಮಡಿಕೆಯ ತೆಳು ಹತ್ತಿಬಟ್ಟೆಯನ್ನು ಹಾಸಿ, ಬೆರಳಿನಿಂದ ಅಂಚಿನವರೆಗೂ ಸಮನಾಗಿ ಹರಡಿ, ಬಟ್ಟೆಯ ತುದಿಗಳನ್ನು ಮೇಲೆ ಮಡಚಿದ ನಂತರವೇ ಬಿಲ್ಲೆ ಇಳಿಸುತ್ತೇನೆ. ಹಿಡಿ ಬಿಗಿಯಾಯಿತೆನಿಸಿದ ಕೂಡಲೇ ಕೈ ಬಿಡುತ್ತೇನೆ. ಮೂತಿಯಿಂದ ಸಣ್ಣ ಧಾರೆಯಾಗಿ ಬರುವ ದ್ರವ ಹನಿಯಾಗಿ, ಆ ಹನಿಗಳ ನಡುವಿನ ಅಂತರ ಬೆಳೆದ ಮೇಲೆ ಇನ್ನು ಕಾಲು ಸುತ್ತು. ಮತ್ತೆ ಐದು ನಿಮಿಷ ಕಾಯುವುದು, ಮತ್ತೆ ಕಾಲು ಸುತ್ತು. ಒತ್ತಡ ಹಾಕಿದ ಕ್ಷಣದಲ್ಲಿ ದ್ರವಕ್ಕೆ ದಾರಿ ಇರುವುದಿಲ್ಲ. ಚರಟದ ಸಂದುಗಳಲ್ಲಿ ನುಸುಳಿ ಹೊರಬರಲು ಅದಕ್ಕೆ ಸಮಯ ಬೇಕು. ಬಲಕ್ಕಿಂತ ಈ ಬಿಡುವೇ ಹೆಚ್ಚು ದ್ರವ ಕೊಡುತ್ತದೆ ಎಂಬುದು ನನಗೆ ಅಳತೆ ಮಾಡಿಯೇ ತಿಳಿದದ್ದು: ಅದೇ 100 ಗ್ರಾಂ ಹೂವಿನಿಂದ ಮುಕ್ಕಾಲು ಗಂಟೆಯಲ್ಲಿ 425 ಮಿ.ಲೀ. ಸಿಕ್ಕಿತು.

ಹಿಂಡಿದ ಮೇಲೆ ಡಬ್ಬಿಯಿಂದ ಬರುವುದು ಚರಟದ ಗಟ್ಟಿಯಾದ ಒಂದು ಹೆಂಟೆ. ಅದನ್ನು ಬಿಸಾಡುವ ಮೊದಲು ಮುರಿದು ನೋಡಬೇಕು. ಅಂಚು ಒಣಗಿ ಪುಡಿಯಾಗುವಂತಿದ್ದು, ನಡುವೆ ಬೆರಳಿಗೆ ತಂಪು ತಗುಲಿದರೆ ಇನ್ನೂ ದ್ರವವಿದೆಯೆಂದೇ ಅರ್ಥ. ಆಗ ಹೆಂಟೆಯನ್ನು ಕೈಯಲ್ಲಿ ಉದುರಿಸಿ, ಮತ್ತೆ ಹರಡಿ ಇನ್ನೊಮ್ಮೆ ಒತ್ತುತ್ತೇನೆ. ಎರಡು ಮೂರು ಚಮಚವಾದರೂ ಬಂದೇ ಬರುತ್ತದೆ.

ಪ್ರೆಸ್ ಚೆನ್ನಾಗಿ ಕೆಲಸ ಮಾಡುವುದು ನೆನೆಸುವ ಮೊದಲಿನ ತಯಾರಿಯ ಮೇಲೂ ನಿಂತಿದೆ. ಅತಿಮಧುರದ ಬೇರನ್ನು ಒಮ್ಮೆ ನುಣ್ಣಗೆ ಪುಡಿ ಮಾಡಿ ನೆನೆಸಿದ್ದೆ. ಆ ಪುಡಿ ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿ ಹನಿಯೂ ಇಳಿಯದಂತೆ ಮಾಡಿತು. ತರಿತರಿಯಾಗಿ ಕುಟ್ಟುವುದೇ ಸರಿ. ಒಣ ಮೂಲಿಕೆಗೆ ನನ್ನ ಅಳತೆ 1:5, ಅಂದರೆ ಒಂದು ಗ್ರಾಂಗೆ ಐದು ಮಿ.ಲೀ.; ತನ್ನದೇ ನೀರಿರುವ ಹಸಿ ಮೂಲಿಕೆಗೆ 1:2, ಅದೂ ಶೇ. 95ರ ಆಲ್ಕೋಹಾಲಿನಲ್ಲಿ. ರಾಳದ ಅಂಶವಿರುವ ಕ್ಯಾಲೆಂಡುಲಾಕ್ಕೆ ಶೇ. 70ಕ್ಕಿಂತ ಕಡಿಮೆ ಬಲದ್ದು ಸಾಲದು. ಅತಿಮಧುರದ ಸಿಹಿ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಶೇ. 40 ಸಾಕಾಗುತ್ತದೆ. ಕುಡಿಯಲು ಯೋಗ್ಯವಾದ ಎಥೆನಾಲ್ ಬಿಟ್ಟು ಬೇರೆ ಯಾವ ಸ್ಪಿರಿಟ್ಟೂ ಇಲ್ಲಿ ಸಲ್ಲದು. ಹಿಂಡುವಾಗ ಅದರ ಆವಿ ಕೋಣೆಯಲ್ಲಿ ಹರಡುವುದರಿಂದ ಹತ್ತಿರ ಬೆಂಕಿಯಿರದಂತೆಯೂ ಕಿಟಕಿ ತೆರೆದಿರುವಂತೆಯೂ ನೋಡಿಕೊಳ್ಳುತ್ತೇನೆ.

ಎಣ್ಣೆಯ ವಿಷಯದಲ್ಲಿ ಪಾಠ ಬೇರೆ. ಹೂವನ್ನು ಎಣ್ಣೆಯಲ್ಲಿ ನೆನೆಸಿ ಮಾಡುವ ಮೂಲಿಕೆ ಎಣ್ಣೆಯನ್ನು ಬರೀ ಸೋಸುತ್ತಿದ್ದ ದಿನಗಳಲ್ಲಿ ಹೂವು ಸ್ವಲ್ಪ ಹಸಿಯಾಗಿದ್ದರೂ ಅದರ ನೀರು ಬಹುಪಾಲು ಎಸಳಿನಲ್ಲೇ ಉಳಿಯುತ್ತಿತ್ತು. ಪ್ರೆಸ್ ಹಾಗಲ್ಲ, ಒಳಗಿರುವುದನ್ನೆಲ್ಲ ಹೊರಗೆ ತರುತ್ತದೆ. ಅರೆಬರೆ ಒಣಗಿದ ಹೂವಿನಿಂದ ಹಿಂಡಿದ ಮೊದಲ ಎಣ್ಣೆ ಮಂಕಾಗಿತ್ತು. ಮರುದಿನ ಬಾಟಲಿಯ ತಳದಲ್ಲಿ ನೀರಿನ ಮಣಿಗಳು ಕಂಡವು. ಕೆಲವೇ ವಾರಗಳಲ್ಲಿ ಅದು ನಾರತೊಡಗಿತು. ಅಂದಿನಿಂದ ಎಣ್ಣೆಗೆ ಹಾಕುವ ಹೂವು ಬೆರಳಲ್ಲಿ ತಿಕ್ಕಿದರೆ ಗರಿಗರಿಯಾಗಿ ಮುರಿಯಬೇಕು. ಹಸಿರು ತೊಟ್ಟಿನ ಭಾಗ ಎಲ್ಲಕ್ಕಿಂತ ತಡವಾಗಿ ಒಣಗುವುದರಿಂದ ಅದನ್ನೇ ಮುರಿದು ಪರೀಕ್ಷಿಸುತ್ತೇನೆ. ಹಸಿ ಬೆಳ್ಳುಳ್ಳಿಯನ್ನಾಗಲಿ ಹಸಿ ಸೊಪ್ಪನ್ನಾಗಲಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದನ್ನು ನಾನು ಮಾಡುವುದೇ ಇಲ್ಲ, ಗಾಳಿಯಾಡದ ಆ ತೇವದಲ್ಲಿ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ತಣ್ಣಗಿರುವ ಎಣ್ಣೆ ಮಂದವಾಗಿದ್ದು ಚರಟಕ್ಕೇ ಅಂಟಿಕೊಳ್ಳುವುದರಿಂದ, ಹಿಂಡುವ ಮೊದಲು ಜಾಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡುತ್ತೇನೆ, ಡಬ್ಬಿಯನ್ನೂ ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸುತ್ತೇನೆ. ಹಿಂಡಿದ ಎಣ್ಣೆಯನ್ನು ಎತ್ತರದ ಗಾಜಿನ ಪಾತ್ರೆಯಲ್ಲಿ ಒಂದು ಇಡೀ ದಿನ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳುತ್ತೇನೆ. ತಳದ ಗಸಿ ಎಷ್ಟೇ ಸುವಾಸನೆಯಿದ್ದರೂ ಬಾಟಲಿಗೆ ಹೋಗುವುದಿಲ್ಲ.

ಎರಡನ್ನೂ ಒಂದೇ ದಿನ ಹಿಂಡುವುದಿದ್ದರೆ ಟಿಂಕ್ಚರೇ ಮೊದಲು. ಎಣ್ಣೆ ತಿರುಪಿನ ಎಳೆಗಳಲ್ಲಿ ಸೇರಿಕೊಂಡರೆ ಮುಂದಿನ ಟಿಂಕ್ಚರಿನ ಮೇಲೆ ಜಿಡ್ಡಿನ ಪದರ ತೇಲುತ್ತದೆ. ಕೆಲಸ ಮುಗಿದ ತಕ್ಷಣ ಭಾಗಗಳನ್ನೆಲ್ಲ ಬಿಚ್ಚಿ, ಬಿಸಿ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ತೂತನ್ನೂ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ಬಿಡಿಬಿಡಿಯಾಗಿಯೇ ಒಣಗಲು ಇಡುತ್ತೇನೆ.