ಫ್ರೀಜರ್‌ಗೆ ಹಾಕೋ ಮುಂಚಿನ ಅರ್ಧ ಗಂಟೆ: ನನ್ನ ಅನುಭವ

ಸುಮಾರು ಮನೆಗಳಲ್ಲಿ ಫ್ರೀಜರ್ ಅಂದ್ರೆ ಒಂದು ಐಸ್ ಟ್ರೇ, ಒಂದು ಐಸ್ ಕ್ರೀಮ್ ಡಬ್ಬಿ, ಆಮೇಲೆ ಒಳಗೇನಿದೆ ಯಾವಾಗ ಇಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ದೆ ಇರೋ ನಾಕೈದು ಕವರು, ಅಷ್ಟೇ. ನಮ್ಮನೇಲಿ ಈಗ ಫ್ರೀಜರ್ ಇಲ್ದೆ ವಾರ ಸಾಗೋದೇ ಕಷ್ಟ, ವಾರದ ಅಡುಗೇಲಿ ಅರ್ಧ ಕೆಲ್ಸ ಅಲ್ಲಿಂದಾನೇ ಶುರುವಾಗತ್ತೆ. ಇಷ್ಟು ವರ್ಷ ಬಳಸಿ ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ, ಸಾಮಾನು ಒಳಗೆ ಹೋದ್ಮೇಲೆ ನಾವು ಮಾಡೋಕೆ ಏನೂ ಉಳಿದಿರಲ್ಲ, ಹೋಗೋ ಮುಂಚಿನ ಅರ್ಧ ಗಂಟೇಲಿ ಅದನ್ನ ಹೇಗೆ ತೊಳೆದ್ವಿ, ಒಣಗಿಸಿದ್ವಿ, ಹೇಗೆ ಕಟ್ಟಿದ್ವಿ ಅನ್ನೋದ್ರಲ್ಲೇ ಎಲ್ಲಾ ತೀರ್ಮಾನ ಆಗಿಹೋಗಿರತ್ತೆ. ಅದಕ್ಕೇ ಆ ಅರ್ಧ ಗಂಟೆ ಬಗ್ಗೇನೇ ಜಾಸ್ತಿ ಬರೀತೀನಿ.

ಅದಕ್ಕೂ ಮೊದ್ಲು ಒಂದು ಮಾತು, ಥರ್ಮಾಮೀಟರ್ ತಗೊಳ್ಳಿ. ಫ್ರೀಜರ್‌ಗೆ ಅಂತಾನೇ ಸಿಗೋ ಸಣ್ಣ ಥರ್ಮಾಮೀಟರು, ದೊಡ್ಡ ಖರ್ಚೇನಲ್ಲ. ಬಾಗಿಲ ಹತ್ರ ನೇತಾಕೋದಲ್ಲ, ಪ್ಯಾಕೆಟ್‌ಗಳ ಮಧ್ಯೆ ಸಿಕ್ಸಿ ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನೋಡ್ಬೇಕು. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ಅಥ್ವಾ ಅದಕ್ಕಿಂತ ತಣ್ಣಗೆ. ಫ್ರೀಜರ್ ಮೇಲೆ ನಕ್ಷತ್ರ ಗುರುತು ಇರತ್ತಲ್ಲ, ಅದನ್ನ ಯಾರೂ ಓದಲ್ಲ, ಒಂದು ನಕ್ಷತ್ರ ಅಂದ್ರೆ ಮೈನಸ್ 6, ಎರಡು ಅಂದ್ರೆ ಮೈನಸ್ 12, ಮೂರು ಅಂದ್ರೆ ಮೈನಸ್ 18, ನಾಕು ಇದ್ರೆ ಮಾತ್ರ ಹೊಸ ಸಾಮಾನನ್ನ ಸರಿಯಾಗಿ ಫ್ರೀಜ್ ಮಾಡೋ ಶಕ್ತಿ ಅದಕ್ಕಿದೆ ಅಂತ ಅರ್ಥ. ಹಳೇ ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿರೋ ಚಿಕ್ಕ ಐಸ್ ಬಾಕ್ಸಲ್ಲಿ ತಿಂಗಳುಗಟ್ಲೆ ಮೀನು ಇಡೋರು ಇದನ್ನ ಒಂದ್ಸಲ ನೋಡ್ಕೊಳ್ಳಿ ದಯವಿಟ್ಟು. ಇನ್ನೊಂದು, ಫ್ರೀಜ್ ಆದ್ರೆ ಬ್ಯಾಕ್ಟೀರಿಯಾ ಸಾಯಲ್ಲ, ಬೆಳೆಯೋದು ನಿಲ್ಲತ್ತೆ ಅಷ್ಟೇ, ಕರಗಿದ ತಕ್ಷಣ ಮತ್ತೆ ಶುರು ಹಚ್ಕೊಳ್ಳತ್ತೆ. ಹಾಗಾಗಿ ಇನ್ನೇನು ಕೆಡತ್ತೆ ಅನ್ನೋ ಹೊತ್ತಲ್ಲಿ ಒಳಗೆ ತಳ್ಳಿದ್ರೆ ಪ್ರಯೋಜನ ಇಲ್ಲ, ಚೆನ್ನಾಗಿರೋವಾಗ್ಲೇ ಹಾಕ್ಬೇಕು.

ಈಗ ಮುಖ್ಯ ವಿಷ್ಯ, ದಪ್ಪ. ನಾನು ಏನೇ ಫ್ರೀಜ್ ಮಾಡಿದ್ರೂ ತೆಳ್ಳಗೆ ಮಾಡ್ತೀನಿ. ಸೂಪ್, ಸಾಸ್, ಬೇಯಿಸಿದ ಕಾಳು, ಕೊಚ್ಚಿದ ಮಾಂಸ, ಎಲ್ಲಾನೂ ಜಿಪ್ ಕವರಲ್ಲಿ ಹಾಕಿ ಎರಡು ಬೆರಳು ದಪ್ಪಕ್ಕಿಂತ ಕಮ್ಮಿ ಇರೋ ಹಾಗೆ ಸಪಾಟಾಗಿ ತಟ್ಟಿ ಸ್ಟೀಲ್ ತಟ್ಟೆ ಮೇಲೆ ಮಲಗಿಸಿ ಇಡ್ತೀನಿ. ಕಾರಣ ಇದೆ. ಮೈನಸ್ 1ರಿಂದ ಮೈನಸ್ 5ರ ತನಕ ಇಳಿಯೋ ಹೊತ್ತಲ್ಲೇ ಒಳಗಿನ ನೀರು ಹೆಚ್ಚುಕಮ್ಮಿ ಎಲ್ಲಾ ಐಸ್ ಹರಳಾಗೋದು, ಈ ಘಟ್ಟ ಬೇಗ ದಾಟಿದ್ರೆ ಹರಳು ಸಣ್ಣ ಸಣ್ಣವು ಆಗತ್ತೆ, ನಿಧಾನ ಆದ್ರೆ ದೊಡ್ಡದಾಗಿ ಬೆಳೆದು ತರಕಾರಿದೋ ಮಾಂಸದ್ದೋ ಜೀವಕೋಶಗಳನ್ನೇ ಹರಿದು ಹಾಕತ್ತೆ. ಕರಗಿಸಿದಾಗ ತಟ್ಟೆ ತುಂಬಾ ನೀರು ಬಿಟ್ಕೊಂಡು ಪೀಸು ಮೆತ್ತಗಾಗಿ ಕೂತಿರತ್ತಲ್ಲ, ಅದು ಇದರಿಂದಾನೇ. ಕ್ಲಾರೆನ್ಸ್ ಬರ್ಡ್ಸ್ಐ ಅನ್ನೋರು ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಆ ಕೊರೆಯೋ ಚಳೀಲಿ ತಕ್ಷಣ ಗಟ್ಟಿಯಾಗಿ, ತಿಂಗಳಾದ್ಮೇಲೆ ಬೇಯಿಸಿದ್ರೂ ತಾಜಾ ರುಚಿ ಇರೋದನ್ನ ನೋಡಿ, 1920ರ ದಶಕದಲ್ಲಿ ತಣ್ಣನೆ ಲೋಹದ ಪ್ಲೇಟ್‌ಗಳ ಮಧ್ಯೆ ಪ್ಯಾಕೆಟ್ ಒತ್ತಿ ಬೇಗ ಫ್ರೀಜ್ ಮಾಡೋ ಮಷೀನ್ ಮಾಡಿದ್ರು. ಮನೇಲಿ ಆ ಮಷೀನ್ ಇಲ್ಲ, ಆದ್ರೆ ಸ್ಟೀಲ್ ತಟ್ಟೆ ಇದೆ, ತೆಳ್ಳನೆ ಪ್ಯಾಕೆಟ್ ಇದೆ, ಫ್ರೀಜರ್‌ನ ಅತಿ ತಣ್ಣನೆ ಗೋಡೆ ಯಾವ್ದು ಅಂತ ಗೊತ್ತಿದೆ, ಇದಿಷ್ಟರಲ್ಲೇ ಎಷ್ಟೋ ವ್ಯತ್ಯಾಸ ಬರತ್ತೆ. ಗಟ್ಟಿಯಾದ್ಮೇಲೆ ಪ್ಯಾಕೆಟ್‌ಗಳನ್ನ ಶೆಲ್ಫಲ್ಲಿ ಪುಸ್ತಕ ಜೋಡ್ಸೋ ಹಾಗೆ ನಿಲ್ಲಿಸ್ತೀನಿ, ಜಾಗನೂ ಉಳಿಯತ್ತೆ, ಬೇಕಾದ್ದು ಒಂದೇ ಸಲಕ್ಕೆ ಕೈಗೆ ಸಿಗತ್ತೆ, ಮತ್ತೆ ಬೇಕಾದಾಗ ಒಂದು ಮೂಲೆ ಮುರ್ಕೊಂಡು ಉಳಿದಿದ್ದನ್ನ ವಾಪಸ್ ಇಡ್ಬೋದು. ಒಂದೇ ದಿನ ರಾಶಿ ಹಾಕೋದೂ ಬೇಡ, 100 ಲೀಟರ್ ಫ್ರೀಜರ್‌ಗೆ ದಿನಕ್ಕೆ ಮೂರು ನಾಕು ಕೆಜಿ ಹೊಸ ಸಾಮಾನು ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಹೊಸದೂ ನಿಧಾನ ಗಟ್ಟಿಯಾಗತ್ತೆ, ಹಳೇದೂ ಬಿಸಿ ಹತ್ಕೊಳ್ಳತ್ತೆ.

ದಪ್ಪ ಆದ್ಮೇಲೆ ಗಾಳಿ. ಫ್ರೀಜರ್ ಒಳಗಿನ ಗಾಳಿ ತುಂಬಾ ಒಣ, ಐಸ್ ನೀರಾಗದೇನೇ ನೇರ ಆವಿಯಾಗಿ ಹೋಗ್ಬಿಡತ್ತೆ, ಹಾಗಾಗಿ ಮಾಂಸದ ಮೇಲೆ ಬೂದು ಬಣ್ಣದ ಒಣಕಲು ಮಚ್ಚೆ ಬೀಳತ್ತೆ, ಇದಕ್ಕೇ ಫ್ರೀಜರ್ ಬರ್ನ್ ಅನ್ನೋದು. ತಿಂದ್ರೆ ಏನೂ ಆಗಲ್ಲ, ಆ ಭಾಗ ಕತ್ತರಿಸಿ ತೆಗೆದ್ರೆ ಆಯ್ತು, ಆದ್ರೆ ರುಚಿ ಹೋಗಿರತ್ತೆ. ಫ್ರಾಸ್ಟ್ ಫ್ರೀ ಮಾಡೆಲ್ ಇದ್ರೆ ಇನ್ನೂ ಹುಷಾರಾಗಿರ್ಬೇಕು, ಅದು ಐಸ್ ಕಟ್ದೆ ಇರ್ಲಿ ಅಂತ ಆಗಾಗ ಕಾಯಿಲನ್ನ ಸ್ವಲ್ಪ ಬಿಸಿ ಮಾಡ್ಕೊಳ್ತಾ ಇರತ್ತೆ. ವ್ಯಾಕ್ಯೂಮ್ ಮಷೀನ್ ನಾನು ತಗೊಂಡಿಲ್ಲ, ಬೇಕು ಅಂತ ಅನ್ಸೂ ಇಲ್ಲ. ನೀರಿನ ಉಪಾಯ ಸಾಕು: ದೊಡ್ಡ ಪಾತ್ರೇಲಿ ನೀರು ತುಂಬಿ, ಸಾಮಾನು ಹಾಕಿದ ಜಿಪ್ ಕವರನ್ನ ಒಂದು ಮೂಲೆ ಮಾತ್ರ ತೆರೆದಿಟ್ಟು ನಿಧಾನಕ್ಕೆ ಇಳಿಸ್ಬೇಕು, ನೀರಿನ ಒತ್ತಡಕ್ಕೆ ಪ್ಲಾಸ್ಟಿಕ್ ಬಂದು ಪೀಸ್‌ಗಳಿಗೆ ಅಂಟ್ಕೊಳ್ತಾ ಗಾಳಿ ಗುಳುಗುಳು ಅಂತ ಮೇಲಿನ ಮೂಲೆಯಿಂದ ಹೊರಗೆ ಹೋಗತ್ತೆ, ಜಿಪ್ ನೀರಿಗೆ ತಾಗೋಕೆ ಒಂದು ಕೂದಲೆಳೆ ಇರೋವಾಗ ಆ ಮೂಲೆ ಒತ್ತಿ ಮುಚ್ಚಿಬಿಡಿ. ಕವರ್ ಮೈಗೆ ಹೊಲಿದ ಬಟ್ಟೆ ಥರ ಕೂತಿರತ್ತೆ. ಗಾಜಿನ ಬಾಟ್ಲಲ್ಲಿ ಇಡೋರು ಮಾತ್ರ ಕತ್ತಿನ ತನಕ ತುಂಬ್ಬೇಡಿ, ನೀರು ಐಸ್ ಆಗೋವಾಗ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ, ಕತ್ತು ಸಣ್ಣಗಿರೋ ಬಾಟ್ಲು ಒಡೆಯೋದು ಗ್ಯಾರಂಟಿ, ನೇರ ಗೋಡೆ ಇರೋ ಅಗಲ ಬಾಯಿ ಜಾರ್ ಆದ್ರೆ ಮೇಲೆ ಜಾಗ ಬಿಟ್ಟು ಇಡ್ಬೋದು.

ತರಕಾರಿ ವಿಷ್ಯಕ್ಕೆ ಬಂದ್ರೆ ತುಂಬಾ ಜನ ಬಿಟ್ಬಿಡೋ ಹೆಜ್ಜೆ ಬ್ಲಾಂಚಿಂಗ್, ಅಂದ್ರೆ ಕುದಿಯೋ ನೀರಲ್ಲಿ ಸ್ವಲ್ಪ ಹೊತ್ತು ಹಾಕಿ ತಕ್ಷಣ ಐಸ್ ನೀರಿಗೆ ಹಾಕೋದು. ಹಸಿ ತರಕಾರಿ ಹಾಗೇ ಹಾಕಿದ್ರೆ ಮೈನಸ್ 18ರಲ್ಲೂ ಅದರೊಳಗಿನ ಕಿಣ್ವಗಳು ಪೂರ್ತಿ ನಿಲ್ಲಲ್ಲ, ನಿಧಾನಕ್ಕೆ ಬಣ್ಣ, ವಾಸನೆ, ರುಚಿ ಎಲ್ಲಾ ತಿಂದುಹಾಕ್ತವೆ, ಎರಡು ತಿಂಗಳಾದ್ಮೇಲೆ ಬೀನ್ಸ್ ಹುಲ್ಲಿನ ಥರ ಆಗೋದು ಅದಕ್ಕೇ. ನಾನು ಅರ್ಧ ಕೆಜಿ ತರಕಾರಿಗೆ ನಾಕು ಲೀಟರ್ ನೀರು ಇಡ್ತೀನಿ, ಕಮ್ಮಿ ಇಟ್ರೆ ತರಕಾರಿ ಬಿದ್ದ ತಕ್ಷಣ ಕುದಿ ನಿಂತುಹೋಗತ್ತೆ. ಬೀನ್ಸ್ ಹಾಕಿ ನೀರು ಮತ್ತೆ ಕುದಿ ಬಂದಾಗಿಂದ ಲೆಕ್ಕ, ಮೂರು ನಿಮಿಷ. ಬಟಾಣಿಗೆ ಒಂದೂವರೆ ನಿಮಿಷ, ಹೆಚ್ಚಿದ ಕ್ಯಾರೆಟ್‌ಗೆ ಎರಡು, ಹೂಕೋಸಿಗೆ ಮೂರು, ಸೊಪ್ಪಿಗೆ ಎರಡು. ಬೀನ್ಸ್ ಹಾಕಿದ ಒಂದು ನಿಮಿಷದೊಳಗೆ ಹಸಿರು ಹೊಳಪು ಹೊಡೆಯೋಕೆ ಶುರುವಾಗತ್ತೆ, ಅದನ್ನ ನೋಡಿ ಆಯ್ತು ಅಂತ ತೆಗೀಬಾರ್ದು, ಅರೆಬರೆ ಬ್ಲಾಂಚ್ ಆದ್ರೆ ಕಿಣ್ವ ಇನ್ನೂ ಚುರುಕಾಗತ್ತೆ, ಮಾಡ್ದೇ ಇರೋದಕ್ಕಿಂತ ಕೆಟ್ಟದ್ದು. ಟೈಮ್ ಆದ ತಕ್ಷಣ ಐಸ್ ನೀರಿಗೆ, ಅಲ್ಲೂ ಅಷ್ಟೇ ನಿಮಿಷ. ಆಮೇಲೆ ಬಟ್ಟೆ ಮೇಲೆ ಹರಡಿ ಒರೆಸಿ ಒಣಗಿಸೋದು, ಇಲ್ಲಿ ಅವಸರ ಮಾಡ್ಬೇಡಿ, ಮೇಲಿರೋ ಒಂದೊಂದು ಹನಿನೂ ಐಸ್ ಆಗಿ ಎಲ್ಲಾ ಸೇರಿ ಒಂದೇ ಕಲ್ಲುಗುಂಡು ಆಗತ್ತೆ. ಒಣಗಿದ್ದನ್ನ ತಟ್ಟೇಲಿ ಒಂದೇ ಪದರ ಹರಡಿ ಎರಡು ಗಂಟೆ ಫ್ರೀಜರಲ್ಲಿಟ್ಟು, ಬಿಡಿಬಿಡಿಯಾಗಿ ಗಟ್ಟಿಯಾದ್ಮೇಲೆ ಕವರ್‌ಗೆ ತುಂಬಿದ್ರೆ ಬೇಕಾದಷ್ಟು ಹಿಡಿ ತಗೊಂಡು ಬಳಸ್ಬೋದು. ಹೀಗೆ ಮಾಡಿದ್ದು ಎಂಟರಿಂದ ಹನ್ನೆರಡು ತಿಂಗಳು ಚೆನ್ನಾಗಿರತ್ತೆ.

ಬ್ಲಾಂಚ್ ಬೇಡದವೂ ಇವೆ. ಹಸಿ ಶುಂಠಿ ಇಡಿಯಾಗೇ ಫ್ರೀಜ್ ಮಾಡಿ, ಬೇಕಾದಾಗ ಕಲ್ಲಿನ ಹಾಗೆ ಗಟ್ಟಿ ಇರೋವಾಗ್ಲೇ ತುರಿದ್ರೆ ನಾರು ಸಿಕ್ಕಾಕೊಳ್ದೆ ಹಿಮದ ಪುಡಿ ಥರ ಉದುರತ್ತೆ, ನನಗಂತೂ ಇದು ತಾಜಾ ಶುಂಠಿಗಿಂತ ಸುಲಭ. ಟೊಮೆಟೊ ಇಡಿಯಾಗಿ ಹಾಕ್ಬೋದು, ತೆಗೆದು ನಲ್ಲಿ ನೀರಿಗೆ ಹಿಡಿದ್ರೆ ಸಿಪ್ಪೆ ತಾನೇ ಜಾರಿ ಬರತ್ತೆ, ಸಾಸಿಗೆ ಬೇರೆ ಕೆಲ್ಸಾನೇ ಇಲ್ಲ. ನಿಂಬೆ ರಸ ಐಸ್ ಟ್ರೇಲಿ, ಬಾಳೆಹಣ್ಣು ಸಿಪ್ಪೆ ತೆಗೆದು ಬಿಲ್ಲೆ ಮಾಡಿ. ಬ್ರೆಡ್ಡನ್ನ ಫ್ರಿಜ್ಜಲ್ಲಿ ಇಡೋ ಅಭ್ಯಾಸ ದಯವಿಟ್ಟು ಬಿಡಿ, ಫ್ರಿಜ್ಜಿನ ತಂಪಲ್ಲೇ ಪಿಷ್ಟ ಅತಿ ಬೇಗ ಬಿಗಿದುಕೊಂಡು ಬ್ರೆಡ್ ರಬ್ಬರ್ ಆಗೋದು, ಹೊರಗಿಟ್ಟಿದ್ದಕ್ಕಿಂತ ಬೇಗ. ಅದೇ ಸ್ಲೈಸ್ ಮಾಡಿ ಫ್ರೀಜರ್‌ಗೆ ಹಾಕಿದ್ರೆ ಆ ಕ್ರಿಯೆ ನಿಂತುಹೋಗತ್ತೆ, ನೇರ ಟೋಸ್ಟರ್‌ಗೆ ಹಾಕಿದ್ರೆ ಸಾಕು. ಅನ್ನಕ್ಕೂ ಇದೇ ಮಾತು, ಆದ್ರೆ ಅನ್ನ ಬಿಸಿ ಪಾತ್ರೇಲಿ ಹಾಗೇ ಗಂಟೆಗಟ್ಲೆ ಕೂತಿರ್ಬಾರ್ದು, ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ ತೆಳ್ಳಗೆ ಪ್ಯಾಕ್ ಮಾಡಿ. ಯಾವುದೇ ಬೇಯಿಸಿದ್ದಾದ್ರೂ ಎರಡು ಗಂಟೆ ಒಳಗೆ ಒಳಗೆ ಹೋಗ್ಲಿ. ಹಿಟ್ಟು, ಕಾಳುಗಳನ್ನ ನಾಕು ದಿನ ಮೈನಸ್ 18ರಲ್ಲಿಟ್ರೆ ಹುಳ, ಅದರ ಮೊಟ್ಟೆ ಸಾಯ್ತವೆ, ತೆಗೆದ್ಮೇಲೆ ಕವರು ರೂಮ್ ಬಿಸಿಗೆ ಬರೋ ತನಕ ಬಿಚ್ಬೇಡಿ, ಬಿಚ್ಚಿದ್ರೆ ಗಾಳೀಲಿರೋ ತೇವ ಹಿಟ್ಟಿನ ಮೇಲೇ ಬಂದು ಕೂರತ್ತೆ.

ಸೌತೆಕಾಯಿ, ಲೆಟ್ಯೂಸ್, ಮಯನೇಸ್, ಬೇಯಿಸಿದ ಮೊಟ್ಟೆ, ಚಿಪ್ಪಿನ ಸಮೇತ ಹಸಿ ಮೊಟ್ಟೆ ಇವು ಯಾವ್ದೂ ಬೇಡ. ಬೇಯಿಸಿದ ಆಲೂಗಡ್ಡೆ ಮರಳು ಮರಳಾಗತ್ತೆ.

ಮಾಂಸ ಮೀನಿಗೆ ಅವಧಿ ಬೇರೆ ಬೇರೆ. ಮೈನಸ್ 18ರಲ್ಲಿ ಸತತವಾಗಿ ಇದ್ರೆ ಎಷ್ಟು ದಿನ ಆದ್ರೂ ತಿನ್ನೋಕೆ ಅಪಾಯ ಇಲ್ಲ, ಕಮ್ಮಿಯಾಗೋದು ರುಚಿ. ಎಣ್ಣೆ ಅಂಶ ಜಾಸ್ತಿ ಇರೋದು ಬೇಗ ಕಮಟತ್ತೆ, ಯಾಕಂದ್ರೆ ಕೊಬ್ಬು ಆಕ್ಸಿಜನ್ ಜೊತೆ ಸೇರೋದನ್ನ ಚಳಿ ನಿಧಾನ ಮಾಡತ್ತೆ, ನಿಲ್ಸಲ್ಲ. ಕೊಬ್ಬಿನ ಮೀನು ಎರಡು ಮೂರು ತಿಂಗಳು, ಕೊಬ್ಬು ಕಮ್ಮಿ ಇರೋ ಮೀನು ಆರು ತಿಂಗಳು, ಕೊಚ್ಚಿದ ಮಾಂಸ ಮೂರು ನಾಕು, ಚಿಕನ್ ಪೀಸ್ ಒಂಬತ್ತು, ಇಡೀ ಚಿಕನ್ ಒಂದು ವರ್ಷ. ಅಡುಗೆ ಮಾಡಿದ್ದನ್ನ ನಾನು ಮೂರು ತಿಂಗಳ ಮೇಲೆ ಇಡೋದೇ ಇಲ್ಲ.

ಇದೆಲ್ಲಾ ನೆನಪಿರೋದು ಬರೆದಿಟ್ರೆ ಮಾತ್ರ. ಖಾಲಿ ಕವರ್ ಮೇಲೆ ಮೊದ್ಲೇ ಪರ್ಮನೆಂಟ್ ಮಾರ್ಕರಲ್ಲಿ ಹೆಸರು, ತಾರೀಖು, ಎಷ್ಟು ಜನಕ್ಕೆ ಆಗತ್ತೆ ಅಂತ ಬರೀತೀನಿ, ತುಂಬಿದ್ಮೇಲೆ ತೇವಕ್ಕೆ ಇಂಕು ಹಿಡಿಯಲ್ಲ. ಬಾಗಿಲಿಗೆ ಒಂದು ಹಾಳೆ ಅಂಟ್ಸಿದೀನಿ, ಒಳಗೆ ಹಾಕಿದಾಗ ಗೆರೆ ಎಳೆಯೋದು, ತೆಗೆದಾಗ ಹೊಡೆದು ಹಾಕೋದು. ಮನೇಲಿ ಯಾರು ಬೇಕಾದ್ರೂ ಬಾಗಿಲು ತೆಗೀದೇನೇ ರಾತ್ರಿ ಊಟಕ್ಕೆ ಏನಿದೆ ಅಂತ ನೋಡ್ಕೋತಾರೆ, ನಿಜಕ್ಕೂ ಫ್ರೀಜರ್ ಉಪಯೋಗಕ್ಕೆ ಬರೋಕೆ ಶುರುವಾಗೋದು ಈ ಹಾಳೆ ಬಂದ್ಮೇಲೇ.

ಕರಗಿಸೋದು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೇಲಿ, ಕೆಳಗೆ ಯಾಕಂದ್ರೆ ಮಾಂಸದ ನೀರು ಬೇರೆದ್ರ ಮೇಲೆ ತೊಟ್ಟಿಕ್ಬಾರ್ದು. ದೊಡ್ಡ ಗಡ್ಡೆ ಆದ್ರೆ ಎರಡು ಕೆಜಿಗೆ ಒಂದು ಪೂರ್ತಿ ದಿನ ಬೇಕು. ಅವಸರ ಇದ್ರೆ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಕರಗಿದ ತಕ್ಷಣ ಬೇಯಿಸ್ಬೇಕು. ಕಟ್ಟೆ ಮೇಲೆ ಬಿಟ್ಟು ಹೋಗೋದು ನಾನು ಒಪ್ಪಲ್ಲ, ಒಳಗಡೆ ಇನ್ನೂ ಐಸ್ ಇರೋವಾಗ್ಲೇ ಹೊರಗಿನ ಪದರ 4 ಡಿಗ್ರಿ ದಾಟಿ ಬ್ಯಾಕ್ಟೀರಿಯಾಗೆ ಹಬ್ಬ ಆಗಿರತ್ತೆ. ತೆಳ್ಳನೆ ಪ್ಯಾಕೆಟ್ ಮಾಡಿದ್ರೆ ಈ ತಾಪತ್ರಯಾನೇ ಕಮ್ಮಿ, ಸೂಪ್ ಆದ್ರೆ ನೇರ ಪಾತ್ರೆಗೇ ಮುರಿದು ಹಾಕ್ಬೋದು, ತರಕಾರೀನೂ ಕರಗಿಸೋದೇ ಬೇಡ.

ಗೋಡೇಲಿ ಐಸ್ ಅರ್ಧ ಸೆಂಟಿಮೀಟರ್ ದಾಟಿದ್ರೆ ಡಿಫ್ರಾಸ್ಟ್ ಮಾಡ್ತೀನಿ, ಚಾಕು ಗೀಕು ಹಾಕಿ ಕೆರೆಯೋದು ಬೇಡ, ಪೈಪ್ ತೂತಾದ್ರೆ ಗ್ಯಾಸ್ ಹೋಗಿ ಫ್ರೀಜರೇ ಹೋಯ್ತು.

ಕರೆಂಟ್ ಹೋದಾಗ ಬಾಗಿಲು ತೆಗೀಬೇಡಿ, ತುಂಬಿರೋ ಫ್ರೀಜರ್ ಸುಮಾರು 48 ಗಂಟೆ ತಡ್ಕೊಳ್ಳತ್ತೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕೇ ಖಾಲಿ ಜಾಗ ಇದ್ರೆ ನಾನು ನೀರಿನ ಪ್ಲಾಸ್ಟಿಕ್ ಬಾಟ್ಲು ಮುಕ್ಕಾಲು ತುಂಬಿ ಇಟ್ಟಿರ್ತೀನಿ. ಊರಿಗೆ ಹೋಗೋವಾಗ ಒಂದು ಲೋಟ ನೀರು ಐಸ್ ಮಾಡಿ ಅದರ ಮೇಲೆ ನಾಣ್ಯ ಇಟ್ಟು ಹೋಗ್ತೀನಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ರೆ ಏನೂ ಕರಗಿಲ್ಲ ಅಂತ ಅರ್ಥ. ಲೋಟದ ತಳದಲ್ಲಿ ಐಸ್ ಒಳಗೆ ಸಿಕ್ಕಿಕೊಂಡಿದ್ರೆ, ಒಳಗಿದ್ದೆಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ, ಈಗ ಎಷ್ಟೇ ಕಲ್ಲಿನ ಹಾಗೆ ಕಂಡ್ರೂ ಮಾಂಸ, ಮೀನು, ಬೇಯಿಸಿದ್ದು ಎಲ್ಲಾ ನೇರ ಕಸಕ್ಕೆ. ಮನೇಲಿ ಇರೋವಾಗ್ಲೇ ಕರೆಂಟ್ ಹೋಗಿ ಬಂದಿದ್ರೆ ಪ್ಯಾಕೆಟ್ ಮುಟ್ಟಿ ನೋಡ್ತೀನಿ, ಒಳಗೆ ಐಸ್ ಹರಳು ಇನ್ನೂ ಕೈಗೆ ಸಿಗ್ತಾ ಇದ್ರೆ ಅಥ್ವಾ ಥರ್ಮಾಮೀಟರ್ 4 ಡಿಗ್ರಿ ಒಳಗಿದ್ರೆ ಹಾಗೇ ಮತ್ತೆ ಫ್ರೀಜ್ ಆಗೋಕೆ ಬಿಡ್ತೀನಿ, ಮಾರ್ಕರಲ್ಲಿ ಒಂದು ಗುರುತು ಹಾಕಿ ಅದನ್ನೇ ಮೊದ್ಲು ಬಳಸಿ ಮುಗಿಸ್ತೀನಿ.