386 ಬೋರ್ಡಿನ ಕೀಬೋರ್ಡ್ ಮತ್ತೆ ಕೆಲಸ ಮಾಡಿದ್ದು ಹೀಗೆ

ನನ್ನ ಹಳೇ 386 ಮದರ್‌ಬೋರ್ಡ್ (386 ಪ್ರೊಸೆಸರ್ ಇರುವ ಕಂಪ್ಯೂಟರಿನ ಮುಖ್ಯ ಬೋರ್ಡ್) ಆನ್ ಆಗುತ್ತಿತ್ತು, ಮೆಮೊರಿ ಎಣಿಸುತ್ತಿತ್ತು, ಆಮೇಲೆ 'ಕೀಬೋರ್ಡ್ ಎರರ್' ಅಂತ ನಿಂತುಬಿಡುತ್ತಿತ್ತು. ಕೀಬೋರ್ಡ್ ಬದಲಿಸಿದರೂ ಅದೇ ಕಥೆ.

ಕಂಪ್ಯೂಟರಿನ ಗಡಿಯಾರ ನಡೆಸಲು ಬೋರ್ಡಿಗೆ ಬೆಸುಗೆ ಹಾಕಿದ್ದ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿತ್ತು. ಆ ಕಾಲದ ಬೋರ್ಡುಗಳಲ್ಲಿ ಅದು ಹೆಚ್ಚಾಗಿ ಕೀಬೋರ್ಡ್ ಕನೆಕ್ಟರಿನ ಪಕ್ಕದಲ್ಲೇ ಇರುತ್ತದೆ. ಮೊದಲ ಪೆಟ್ಟು ಅಲ್ಲಿಗೇ.

ಬ್ಯಾಟರಿ ಕತ್ತರಿಸಿ ತೆಗೆದೆ. ಸೋರಿದ್ದು ಕ್ಷಾರ, ಹಾಗಾಗಿ ವಿನೆಗರ್ ಹಚ್ಚಿದೆ. ಆಮೇಲೆ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಹಸಿರು ಪುಡಿ ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ, ಕೂದಲೆಳೆಯಂಥ ತಾಮ್ರದ ಟ್ರೇಸ್ (ಬೋರ್ಡಿನ ಮೇಲೆ ವಿದ್ಯುತ್ ಹರಿಯುವ ಗೆರೆ) ಒಂದು ಕಪ್ಪಾಗಿ ನಡುವೆ ತುಂಡಾಗಿತ್ತು. ಮಲ್ಟಿಮೀಟರ್ ಬೀಪ್ ಅನ್ನಲಿಲ್ಲ, ಅಂದರೆ ಸಂಪರ್ಕ ಕಡಿದಿತ್ತು. ಕನೆಕ್ಟರಿನ ಕ್ಲಾಕ್ ಪಿನ್ನಿಂದ (ಕೀಬೋರ್ಡ್ ಸಂಕೇತಗಳಿಗೆ ತಾಳ ಕೊಡುವ ಪಿನ್) ಕೀಬೋರ್ಡ್ ಕಂಟ್ರೋಲರ್ ಚಿಪ್ ಕಡೆಗೆ ಹೋಗುವ ಟ್ರೇಸ್ ಅದು. ತೆಳು ವೈರ್ ಬೆಸೆದೆ. ಕೀಬೋರ್ಡ್ ಬಂತು!

ಹೊಸ ಬ್ಯಾಟರಿಯನ್ನು ದಯವಿಟ್ಟು ಬೋರ್ಡಿನ ಮೇಲೇ ಕೂರಿಸಬೇಡಿ. ನಾನು ಮೂರು ಎಎ ಸೆಲ್‌ಗಳ ಹೋಲ್ಡರನ್ನು ದೂರ ಇಟ್ಟು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೂಲಕ ಜೋಡಿಸಿದೆ. ಡಯೋಡ್ ಇಲ್ಲದಿದ್ದರೆ ಬೋರ್ಡು ಆ ಸೆಲ್‌ಗಳನ್ನು ಚಾರ್ಜ್ ಮಾಡಲು ಹೋಗುತ್ತದೆ, ಅದು ಇನ್ನೂ ಅಪಾಯ ಅಲ್ವಾ?

ಟ್ರೇಸಿನ ಫೋಟೋ, ಪಿನ್ ನಕ್ಷೆ ಎರಡೂ ಇಟ್ಟುಕೊಂಡಿದ್ದೇನೆ. ಇಂಥದ್ದೇ ಬೋರ್ಡ್ ಇರುವವರು ಕೇಳಿ, ಕಳಿಸುತ್ತೇನೆ.